ಮಲಗುವ ಕೋಣೆಯ ಮರದ ಸಾಮಾನುಗಳೂ ಅವುಗಳ ಆರೈಕೆಯೂ

ಗೃಹಕೃತ್ಯವೆಂದರೆ ಅಡಿಗೆ, ಹೊಲಿಗೆ, ಶಿಶುಪಾಲನೆ ಎಂಬ ಮೂರರಲ್ಲಿಯೇ ಮುಗಿಯಿತೆಂದು ಭಾವಿಸುವವರು ಈಗಲೂ ಬಹುಮಂದಿ ಇರುವರು. ಮನೆಯೊಳಗಿನ ಮಂಚ, ಬೀರು, ಮೇಜು, ಪೆಟ್ಟಿಗೆಗಳ ವಿಚಾರ ಬಂದಾಗ, ಅವುಗಳನ್ನು ಒರಸುವುದು ಹೆಣ್ಣುಮಕ್ಕಳ ಕೆಲಸವೆಂದೂ, ಕೆಟ್ಟರೆ ಸರಿಪಡಿಸುವುದು ಗಂಡಸರ ಅಥವಾ ಬಡಗಿಯ ಕೆಲಸವೆಂದೂ ಒಂದು ಗಡಿಯನ್ನು ಹಾಕಿಕೊಂಡಂತೆ ಕಾಣುವುದು. ಈ ಗಡಿಯಿಂದ ಆಗುವ ನಷ್ಟ ಸಣ್ಣದಲ್ಲ. ಸಾಮಾನು ಕೆಡುವುದಕ್ಕೆ ಮೊದಲು ತೋರಿಸುವ ಲಕ್ಷಣಗಳು ದಿನವೂ ಅದನ್ನು ಮುಟ್ಟುವವಳಿಗೇ ಮೊದಲು ತಿಳಿಯುವುವು. ಖಾನೆ ಕಿರುಗುಟ್ಟುವುದನ್ನು ಮೊದಲು ಕೇಳುವವಳು ಅವಳೇ. ಮಂಚದ ಕಾಲು ಅಲುಗುವುದನ್ನು ಮೊದಲು ಅರಿಯುವವಳೂ ಅವಳೇ. ಅರಿತವಳಿಗೆ ಉಪಾಯವು ತಿಳಿಯದಿದ್ದರೆ ಆ ಅರಿವಿನಿಂದ ಫಲವೇನು?

ಈ ಸಂಚಿಕೆಯನ್ನು ಓದುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಸ್ವಂತ ಮನೆಯನ್ನು ನಡೆಸುತ್ತಿರುವರು. ತಂದೆತಾಯಿಗಳಲ್ಲಿ ಅನೇಕರು ಮಗಳ ಮದುವೆಗೆಂದು ಮಂಚ, ಬೀರುಗಳನ್ನು ಕೊಳ್ಳಲು ಹಣ ಕೂಡಿಸುವವರು; ಕೆಲವರು ಸಾಲವನ್ನೂ ಮಾಡುವವರು. ಅಷ್ಟು ಕಷ್ಟದಿಂದ ಮನೆಗೆ ಬಂದ ಸಾಮಾನು ಐದಾರು ವರ್ಷಗಳಲ್ಲಿ ಮೂಲೆ ಸೇರುವುದಾದರೆ ಆ ಸಾಲವು ಸಾಮಾನಿಗಿಂತಲೂ ದೀರ್ಘಾಯುವಾಯಿತೆಂದು ಹೇಳಬೇಕು. ಆದುದರಿಂದ ಈ ಪಾಠವನ್ನು ಬರೆಯುತ್ತಿದ್ದೇವೆ. ಇದರ ಸಾರವನ್ನು ಮೊದಲೇ ಹೇಳಿಬಿಡುವೆವು: ಮರದ ಸಾಮಾನು ಸದ್ದು ಮಾಡಿದಾಗ ಬಲವನ್ನು ಹಾಕಬಾರದು, ಕಾರಣವನ್ನು ಹುಡುಕಬೇಕು. ಕಾರಣ ತಿಳಿದರೆ ಚಿಕಿತ್ಸೆಯು ಬಹುಮಟ್ಟಿಗೆ ಒಂದು ಮೇಣದ ಬತ್ತಿಯ ತುಂಡಿನಿಂದಲೇ ಆಗುವುದು.

೧. ಮರದ ಸ್ವಭಾವ

ಮರವನ್ನು ಕಡಿದು, ಕೊಯ್ದು, ಕೀಸಿ, ಮೆರುಗು ಕೊಟ್ಟ ಮೇಲೆಯೂ ಅದು ಕಲ್ಲಿನಂತೆ ನಿಶ್ಚಲವಾಗುವುದಿಲ್ಲ. ಅದರ ದೇಹವು ಕೊಳವೆಗಳಂಥ ಅತಿ ಸೂಕ್ಷ್ಮವಾದ ಕೋಶಗಳಿಂದ ಕೂಡಿದೆ. ಗಾಳಿಯಲ್ಲಿ ತೇವ ಹೆಚ್ಚಿದಾಗ ಈ ಕೋಶಗಳ ಗೋಡೆಗಳು ಆ ತೇವವನ್ನು ಹೀರಿಕೊಂಡು ಉಬ್ಬುವುವು. ಗಾಳಿ ಒಣಗಿದಾಗ ಅದನ್ನು ಬಿಟ್ಟುಕೊಟ್ಟು ಕುಗ್ಗುವುವು. ನೂರು ವರ್ಷದ ಹಳೆಯ ಪೆಟ್ಟಿಗೆಯಲ್ಲಿಯೂ ಈ ಕ್ರಿಯೆ ನಡೆಯುತ್ತಲೇ ಇರುವುದು.

ಆದರೆ ಈ ಹಿಗ್ಗು ಕುಗ್ಗು ಎಲ್ಲ ದಿಕ್ಕಿನಲ್ಲಿಯೂ ಸಮನಾಗಿರುವುದಿಲ್ಲ. ನಾರು ಹರಿದಿರುವ ಉದ್ದದ ದಿಕ್ಕಿನಲ್ಲಿ ಅದು ಲೆಕ್ಕಕ್ಕೆ ಬಾರದಷ್ಟು ಸ್ವಲ್ಪ. ನಾರಿಗೆ ಅಡ್ಡಲಾಗಿ, ಅಂದರೆ ಹಲಗೆಯ ಅಗಲದಲ್ಲಿ, ಕಣ್ಣಿಗೆ ಕಾಣುವಷ್ಟು. ತೇಗದ ಮರವನ್ನೇ ತೆಗೆದುಕೊಳ್ಳೋಣ. ಹಸಿಯಾಗಿರುವ ಸ್ಥಿತಿಯಿಂದ ಪೂರ್ತಿಯಾಗಿ ಒಣಗುವಷ್ಟರಲ್ಲಿ ಅದು ಬೆಳವಣಿಗೆಯ ಉಂಗುರಗಳ ಗುಂಟ ನೂರಕ್ಕೆ ಸುಮಾರು ೬ ಪಾಲೂ, ತಿರುಳಿನಿಂದ ತೊಗಟೆಯ ಕಡೆಗೆ ನೂರಕ್ಕೆ ಸುಮಾರು ೨½ ಪಾಲೂ ಕುಗ್ಗುವುದು. ಬೇರೆ ಅನೇಕ ಮರಗಳು ಇದಕ್ಕಿಂತ ಹೆಚ್ಚು ಕುಗ್ಗುವುವು. ದಾಂಡೇಲಿಯ ತೇಗಕ್ಕೆ ನಮ್ಮ ಹಿರಿಯರು ಅಷ್ಟು ಬೆಲೆ ಕೊಟ್ಟುದು ಅದರ ಬಣ್ಣಕ್ಕಾಗಿ ಮಾತ್ರವಲ್ಲ. ಅದು ಕಡಿಮೆ ಹಿಗ್ಗಿ ಕಡಿಮೆ ಕುಗ್ಗುವ ಸ್ಥಿರ ಗುಣವುಳ್ಳದ್ದೆಂಬುದೂ ಒಂದು ಕಾರಣ.

ಆದರೂ ತೇಗದ ೨೦ ಸೆಂಟಿಮೀಟರು ಅಗಲದ ಹಲಗೆಯೊಂದರ ತೇವಾಂಶವು ಬೇಸಗೆಗೂ ಮಳೆಗಾಲಕ್ಕೂ ನೂರಕ್ಕೆ ೬ರಷ್ಟು ಹೆಚ್ಚು ಕಡಿಮೆಯಾದರೆ ಅದರ ಅಗಲದಲ್ಲಿ ಸುಮಾರು ೨ ಮಿಲ್ಲಿಮೀಟರು ವ್ಯತ್ಯಾಸವಾಗಬಹುದು. ಎಳೆಯುವ ಖಾನೆಯ ಪಕ್ಕದ ಹಲಗೆಗಳಲ್ಲಿ ನಾರು ಮುಂದಿನಿಂದ ಹಿಂದಕ್ಕೆ ಹರಿದಿರುವುದು. ಆದುದರಿಂದ ಮಳೆಗಾಲದಲ್ಲಿ ಖಾನೆಯು ಉದ್ದವಾಗುವುದಿಲ್ಲ, ಎತ್ತರವಾಗುವುದು. ಎತ್ತರವಾದ ಖಾನೆಯು ಮೇಲಿನ ಪಟ್ಟಿಗೂ ಕೆಳಗಿನ ಪಟ್ಟಿಗೂ ನಡುವೆ ಸಿಕ್ಕಿಕೊಳ್ಳುವುದು. ಎರಡು ಮಿಲ್ಲಿಮೀಟರೆಂದರೆ ನಾಣ್ಯವೊಂದರ ದಪ್ಪ. ಆದರೆ ಬಿಡುವೇ ಅಷ್ಟಿರುವ ಸ್ಥಳದಲ್ಲಿ ಅದು ದೊಡ್ಡದೇ.

೨. ನಮ್ಮ ಸೀಮೆಯ ಹವೆ

ಪುಸ್ತಕಗಳಲ್ಲಿ ಕೊಟ್ಟಿರುವ ಸಲಹೆಗಳು ಹೆಚ್ಚಾಗಿ ಚಳಿದೇಶಗಳ ಮನೆಗಳಿಗಾಗಿ ಬರೆದವು. ಬಳ್ಳಾರಿಯವರು ತಮ್ಮ ಹವೆಯನ್ನು ನೋಡಿಕೊಂಡು ನಡೆಯಬೇಕು. ನಮ್ಮಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ೫೦೦ ಮಿಲ್ಲಿಮೀಟರು ಮಾತ್ರ. ಅದರಲ್ಲಿಯೂ ಹೆಚ್ಚಿನ ಪಾಲು ಸೆಪ್ಟೆಂಬರು ಅಕ್ಟೋಬರುಗಳಲ್ಲಿ ಬರುವುದು. ಏಪ್ರಿಲು ಮೇ ತಿಂಗಳುಗಳಲ್ಲಿ ಬಿಸಿಲು ೪೦ ಡಿಗ್ರಿಯನ್ನು ಮುಟ್ಟುವುದು, ಗಾಳಿಯು ಒಣಗಿ ತುಟಿ ಒಡೆಯುವಷ್ಟಾಗುವುದು. ನಮ್ಮ ತುಟಿಗೆ ಆಗುವುದೇ ಮರಕ್ಕೂ ಆಗುವುದು. ಕಾಲುವೆಯ ನೀರಿನ ಭತ್ತದ ಗದ್ದೆಗಳ ನಡುವೆ ಸಿರುಗುಪ್ಪದಲ್ಲಿರುವ ಮನೆಯ ಬೀರುವೂ, ಬಂಡೆಗಳ ನಡುವೆ ಕುರುಗೋಡಿನಲ್ಲಿರುವ ಮನೆಯ ಬೀರುವೂ ಒಂದೇ ಬಡಗಿಯ ಕೈಯವಾದರೂ ಒಂದೇ ರೀತಿಯಲ್ಲಿ ನಡೆದುಕೊಳ್ಳಲಾರವು.

ಇದರಿಂದ ಎರಡು ನಿಯಮಗಳು ಹುಟ್ಟುವುವು. ಇವೆರಡನ್ನು ನೆನಪಿನಲ್ಲಿಟ್ಟರೆ ಅರ್ಧ ಪಾಠವನ್ನು ಕಲಿತಂತೆಯೇ.

ಮೊದಲನೆಯದು: ಮಳೆಗಾಲದಲ್ಲಿ ಬಿಗಿಯಾದ ಖಾನೆಯನ್ನು ಮಳೆಗಾಲದಲ್ಲಿಯೇ ಕೀಸಿಸಬಾರದು. ಸೆಪ್ಟೆಂಬರಿನಲ್ಲಿ ಕೀಸುಳಿ ಹಾಕಿ ಸಡಿಲಮಾಡಿದ ಖಾನೆಯು ಏಪ್ರಿಲಿನಲ್ಲಿ ಇನ್ನೂ ಕುಗ್ಗಿ, ಗಡಗಡನೆ ಅಲುಗಿ, ಓರೆಯಾಗಿ ಸಿಕ್ಕಿಬೀಳುವುದು. ತೆಗೆದ ಮರವನ್ನು ಮರಳಿ ಅಂಟಿಸುವುದು ಯಾರಿಂದಲೂ ಆಗದು.

ಎರಡನೆಯದು: ಬೇಸಗೆಯಲ್ಲಿ ತೆರೆದುಕೊಂಡ ಬಿರುಕನ್ನು ಬೇಸಗೆಯಲ್ಲಿಯೇ ತುಂಬಬಾರದು. ಮಳೆಗಾಲದಲ್ಲಿ ಮರವು ಹಿಗ್ಗಿದಾಗ ಆ ಬಿರುಕು ತಾನೇ ಮುಚ್ಚಿಕೊಳ್ಳುವುದು. ನಡುವೆ ಗಟ್ಟಿಯಾದ ಲೇಪವು ಕುಳಿತಿದ್ದರೆ ಮುಚ್ಚಿಕೊಳ್ಳಲು ಎಡೆಯಿಲ್ಲದೆ ಹಲಗೆಯು ಬೇರೆ ಕಡೆಯಲ್ಲಿ ಸೀಳುವುದು. ಎರಡು ಋತುಗಳಲ್ಲಿಯೂ ಬಾಯಿ ತೆರೆದೇ ಇರುವ ಬಿರುಕನ್ನು ಮಾತ್ರ ತುಂಬತಕ್ಕದ್ದು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ತಮ್ಮ ಮರದ ಮೂರ್ತಿಗಳ ಸಂದುಗಳನ್ನು ಮುಚ್ಚಲು ಮರದ ಹೊಟ್ಟನ್ನು ಹುಣಸೆಬೀಜದ ಅಂಟಿನಲ್ಲಿ ಕಲಸಿ ಲೇಪಮಾಡುವರು. ಮನೆಯಲ್ಲಿಯೂ ನಯವಾದ ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ ಇದೇ ಬಗೆಯ ಲೇಪವನ್ನು ಮಾಡಿಕೊಳ್ಳಬಹುದು.

ಈಗ ಹೊಸದೊಂದು ಸಂಗತಿ ಸೇರಿರುವುದು. ಗಾಂಧಿನಗರದಂಥ ಬಡಾವಣೆಗಳ ಮನೆಗಳಲ್ಲಿ ಬೇಸಗೆಗೆ ನೀರಿನ ಕೂಲರುಗಳನ್ನು ಹಚ್ಚುವರು. ಕೂಲರು ಗಾಳಿಯನ್ನು ತಂಪು ಮಾಡುವುದು ನೀರನ್ನು ಆವಿಯಾಗಿಸುವುದರಿಂದ. ಆದುದರಿಂದ ಹೊರಗೆ ಬಿರುಬೇಸಗೆ ಇರುವಾಗ ಮಲಗುವ ಕೋಣೆಯೊಳಗೆ ಮಾತ್ರ ಮಳೆಗಾಲವಿರುವುದು. ಮೇ ತಿಂಗಳಲ್ಲಿ ಖಾನೆಯು ಬಿಗಿಯಾಯಿತೆಂದು ಆಶ್ಚರ್ಯಪಡುವವರು ಮೊದಲು ಕೂಲರಿನ ಮುಖ ಯಾವ ಕಡೆಗಿದೆಯೆಂದು ನೋಡತಕ್ಕದ್ದು. ಅದರ ಗಾಳಿಯು ನೇರವಾಗಿ ಬೀರುವಿನ ಮೇಲೆ ಬೀಳದಂತೆ ತಿರುಗಿಸಿ, ಎದುರು ಕಿಟಕಿಯನ್ನು ಸ್ವಲ್ಪ ತೆರೆದಿಡಬೇಕು.

೩. ಖಾನೆಯು ಏಕೆ ಕಿರುಗುಟ್ಟುವುದು?

ಪಿಟೀಲನ್ನು ನುಡಿಸುವವರು ಕಮಾನಿಗೆ ರಾಳವನ್ನು ಉಜ್ಜುವುದನ್ನು ನೀವು ನೋಡಿರಬಹುದು. ರಾಳದಿಂದ ಕಮಾನಿನ ಕೂದಲು ತಂತಿಯನ್ನು ಹಿಡಿದುಕೊಳ್ಳುವುದು. ಎಳೆದಾಗ ತಂತಿಯು ಸ್ವಲ್ಪ ದೂರ ಜೊತೆಯಲ್ಲಿ ಬಂದು ತಪ್ಪಿಸಿಕೊಳ್ಳುವುದು. ಮತ್ತೆ ಹಿಡಿಯಲ್ಪಡುವುದು, ಮತ್ತೆ ತಪ್ಪಿಸಿಕೊಳ್ಳುವುದು. ಒಂದು ಕ್ಷಣದಲ್ಲಿ ನೂರಾರು ಸಲ ನಡೆಯುವ ಈ ಹಿಡಿತ ಬಿಡಿತಗಳೇ ನಾದವಾಗುವುವು. ಖಾನೆಯ ಕಿರುಗುಟ್ಟುವಿಕೆಯೂ ಇದೇ. ನಿಂತಿರುವ ವಸ್ತುವನ್ನು ಹೊರಡಿಸಲು ಬೇಕಾದ ಬಲವು ಹೊರಟದ್ದನ್ನು ನಡೆಸಲು ಬೇಕಾದ ಬಲಕ್ಕಿಂತ ಹೆಚ್ಚು. ಆದುದರಿಂದ ಒಣಮರದ ಮೇಲೆ ಒಣಮರವು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮುಂದುವರಿಯುವುದು. ಪಿಟೀಲಿಗೆ ಹಿಡಿತ ಬೇಕು, ರಾಳವನ್ನು ಉಜ್ಜುವೆವು. ಖಾನೆಗೆ ಹಿಡಿತ ಬೇಡ, ಮೇಣವನ್ನು ಉಜ್ಜುವೆವು.

ಸದ್ದಿನ ಜೊತೆಗೆ ಬಿಗಿಯೂ ಇದ್ದರೆ ಕಾರಣವು ಬೇರೆ ಇರಬಹುದು. ಅಗಲವಾಗಿದ್ದು ಆಳವಿಲ್ಲದ ಖಾನೆಗೆ ಎರಡು ಹಿಡಿಗಳಿರುವುವು. ಒಂದು ಹಿಡಿಯನ್ನು ಮಾತ್ರ ಹಿಡಿದು ಎಳೆದರೆ ಖಾನೆಯು ಓರೆಯಾಗಿ, ಮೂಲೆಯಿಂದ ಮೂಲೆಗೆ ಎದುರಾಗಿರುವ ಎರಡು ಮೂಲೆಗಳಲ್ಲಿ ಕಚ್ಚಿಕೊಳ್ಳುವುದು. ಆಗ ಎಷ್ಟು ಬಲವಾಗಿ ಎಳೆದರೆ ಅಷ್ಟು ಬಲವಾಗಿ ಕಚ್ಚುವುದು. ಹಿಡಿಗಳು ಎರಡಿರುವುದು ಅಲಂಕಾರಕ್ಕಲ್ಲ. ಎರಡು ಕೈಗಳಿಂದ ಸಮನಾಗಿ ಎಳೆಯುವುದಕ್ಕೆ. ಚಿಕ್ಕ ಮಕ್ಕಳಿಗೆ ಈ ಒಂದು ಅಭ್ಯಾಸವನ್ನು ಮಾಡಿಸಿದರೆ ಖಾನೆಯ ಆಯುಸ್ಸು ಎಷ್ಟೋ ಹೆಚ್ಚುವುದು.

೪. ಪರೀಕ್ಷೆಯೂ ಚಿಕಿತ್ಸೆಯೂ

ಕೆಳಗಿನ ಕ್ರಮದಲ್ಲಿಯೇ ಕೆಲಸವನ್ನು ಮಾಡತಕ್ಕದ್ದು. ಒಂದನ್ನು ಬಿಟ್ಟು ಮುಂದಿನದಕ್ಕೆ ಹೋಗಬಾರದು.

(೧) ಖಾನೆಯಲ್ಲಿರುವುದನ್ನೆಲ್ಲ ತೆಗೆಯಿರಿ. ಹೆಚ್ಚು ಭಾರವೇ ಸದ್ದಿಗೆ ಕಾರಣವಾಗಿರುವುದು ಎಷ್ಟೋ ಸಲ ಇಲ್ಲಿಯೇ ಗೊತ್ತಾಗುವುದು. ಹಿಂದುಗಡೆ ಬಿದ್ದ ಕಾಗದವೋ ಬಟ್ಟೆಯ ಚೂರೋ ತಡೆಯುತ್ತಿದ್ದರೆ ಅದೂ ಈಗ ಸಿಕ್ಕುವುದು.

(೨) ಖಾನೆಯನ್ನು ಪೂರ್ತಿ ಹೊರತೆಗೆದು ಮಗುಚಿ ನೋಡಿರಿ. ತಳದ ಹಲಗೆಯು ಜೋತುಬಿದ್ದಿದೆಯೇ? ಮೂಲೆಯ ಕೂಡಿಕೆಯು ಬಿಟ್ಟಿದೆಯೇ? ಮೊಳೆಯ ತಲೆಯು ಮೇಲೆದ್ದಿದೆಯೇ? ಒಳಗೆ ಖಾನೆಯು ಕುಳಿತು ಜಾರುವ ಪಟ್ಟಿಗಳನ್ನು ಬೆರಳಿನಿಂದ ಸವರಿರಿ. ಅವು ಹಳ್ಳಬಿದ್ದಿದ್ದರೆ ಅಥವಾ ಸಡಿಲವಾಗಿದ್ದರೆ ದೋಷವು ಖಾನೆಯದಲ್ಲ, ಪಟ್ಟಿಯದು.

(೩) ಒತ್ತುವ ಸ್ಥಳವು ಕಣ್ಣಿಗೆ ಕಾಣದಿದ್ದರೆ ಸೀಮೆಸುಣ್ಣವನ್ನು ಖಾನೆಯ ಪಕ್ಕಗಳಿಗೂ ಅಂಚುಗಳಿಗೂ ಹಚ್ಚಿ, ಎರಡು ಮೂರು ಸಲ ಒಳಗೆ ಹೊರಗೆ ಮಾಡಿರಿ. ಎಲ್ಲಿ ಸುಣ್ಣವು ಅಳಿಸಿಹೋಗುವುದೋ ಅಲ್ಲಿಯೇ ಮರಕ್ಕೆ ಮರವು ಒತ್ತುತ್ತಿರುವುದು. ಹಳೆಯ ಖಾನೆಯಲ್ಲಿ ಆ ಸ್ಥಳವು ಮೊದಲೇ ಕಪ್ಪಾಗಿ ಹೊಳೆಯುತ್ತಿರುವುದುಂಟು.

(೪) ಮೇಲೆದ್ದ ಮೊಳೆಯನ್ನು ಒಳಗೆ ಹೊಡೆಯಿರಿ. ಬಿಟ್ಟ ಕೂಡಿಕೆಗೆ ಹಳೆಯ ಅಂಟನ್ನು ಕೆರೆದು ತೆಗೆದು, ಹೊಸ ಅಂಟನ್ನು ಹಚ್ಚಿ, ಮೂಲೆಗಳು ನೇರವಾಗಿರುವಂತೆ ಹಗ್ಗದಿಂದ ಬಿಗಿದು, ಒಂದು ದಿನ ಬಿಡಿರಿ. ಹಿಂದೆ ಬಡಗಿಗಳು ಚರ್ಮದಿಂದ ಕಾಯಿಸಿದ ಅಂಟನ್ನು ಬಿಸಿಮಾಡಿ ಬಳಸುತ್ತಿದ್ದರು. ೧೯೫೯ರಲ್ಲಿ ಫೆವಿಕಾಲ್ ಬಂದ ಮೇಲೆ ಬಿಳಿಯ ಅಂಟು ಮನೆಮನೆಗೂ ಪರಿಚಿತವಾಗಿದೆ. ಹಳೆಯ ಅಂಟಿನ ಮೇಲೆಯೇ ಹೊಸದನ್ನು ಹಚ್ಚಿದರೆ ಅದು ಮರವನ್ನು ಹಿಡಿಯುವುದಿಲ್ಲ, ಧೂಳನ್ನು ಹಿಡಿಯುವುದು. ತಳದ ಹಲಗೆಯನ್ನು ಮಾತ್ರ ಅದರ ಗಾಡಿಯಲ್ಲಿ ಅಂಟಿಸಬಾರದು. ಹಿಗ್ಗಿ ಕುಗ್ಗಲು ಅದಕ್ಕೆ ಎಡೆಯಿರಬೇಕು.

(೫) ಮಳೆಗಾಲದ ಬಿಗಿಯಾದರೆ ಖಾನೆಯನ್ನು ಗಾಳಿಯಾಡುವ ನೆರಳಿನಲ್ಲಿ ಎರಡು ಮೂರು ದಿನ ನಿಲ್ಲಿಸಿರಿ. ಬಿಸಿಲಿಗೆ ಇಡಬೇಡಿರಿ, ಒಂದು ಮಗ್ಗುಲು ಬೇಗ ಒಣಗಿ ಹಲಗೆಯು ಸೊಟ್ಟಗಾಗುವುದು.

(೬) ಒಣ ಋತುವಿನಲ್ಲಿಯೂ ಒತ್ತುವ ಸ್ಥಳವಿದ್ದರೆ ಅಲ್ಲಿ ಮಾತ್ರ ನಯವಾದ ಮರಳುಕಾಗದವನ್ನು ನಾರಿನ ದಿಕ್ಕಿನಲ್ಲಿ ಉಜ್ಜಿರಿ. ಹತ್ತು ಸಲ ಉಜ್ಜಿ ಒಂದು ಸಲ ಖಾನೆಯನ್ನು ಹಾಕಿ ನೋಡಿರಿ. ಕಡಮೆ ತೆಗೆದದ್ದಕ್ಕೆ ಮತ್ತೆ ತೆಗೆಯಬಹುದು.

(೭) ಕೊನೆಗೆ ಮೇಣ. ವಿದ್ಯುತ್ತು ಹೋದಾಗ ಉರಿಸಿ ಉಳಿದ ಮೇಣದ ಬತ್ತಿಯ ತುಂಡೇ ಸಾಕು. ಖಾನೆಯ ಕೆಳಅಂಚುಗಳಿಗೂ, ಒಳಗಿನ ಪಟ್ಟಿಗಳಿಗೂ, ಮೇಲಂಚಿಗೂ ಗಟ್ಟಿಯಾಗಿ ಉಜ್ಜಿ, ಹತ್ತಿಪ್ಪತ್ತು ಸಲ ಆಡಿಸಿರಿ. ಜೇನುಮೇಣವಾಗಲಿ ಒಣಗಿದ ಸಾಬೂನಿನ ತುಂಡಾಗಲಿ ಇದ್ದರೂ ನಡೆಯುವುದು. ಆದರೆ ಸಾಬೂನು ತೇವವನ್ನು ಸೆಳೆಯುವುದರಿಂದ ಮೇಣವೇ ಉತ್ತಮ.

ಎಣ್ಣೆಯ ವಿಷಯದಲ್ಲಿ ಒಂದು ಎಚ್ಚರಿಕೆ. ನಮ್ಮ ಸೀಮೆಯಲ್ಲಿ ಕುಸುಬೆಯ ಎಣ್ಣೆ, ಸೂರ್ಯಕಾಂತಿಯ ಎಣ್ಣೆಗಳು ಕೈಗೆ ಸುಲಭವಾಗಿ ಸಿಕ್ಕುವುದರಿಂದ ಕಿರುಗುಟ್ಟುವ ಯಾವುದಕ್ಕೂ ಅಡಿಗೆಯ ಎಣ್ಣೆಯನ್ನು ಸುರಿಯುವ ರೂಢಿಯಿದೆ. ಆ ದಿನ ಸದ್ದು ನಿಲ್ಲುವುದು ನಿಜ. ಆದರೆ ಮರವು ಎಣ್ಣೆಯನ್ನು ಕುಡಿಯುವುದು. ಕುಸುಬೆಯಂಥ ಎಣ್ಣೆಯು ಗಾಳಿಗೆ ಕ್ರಮೇಣ ಅಂಟಾಗುವುದು. ಆ ಅಂಟಿಗೆ ಬಳ್ಳಾರಿಯ ಧೂಳು ಸೇರಿ ಮೊದಲಿಗಿಂತ ಹೆಚ್ಚಿನ ತಡೆಯಾಗುವುದು. ಬಾಗಿಲಿನ ಕಬ್ಬಿಣದ ಕೀಲುಗಳಿಗೆ ಹೊಲಿಗೆಯಂತ್ರದ ಎಣ್ಣೆಯ ಒಂದೆರಡು ಹನಿಗಳನ್ನು ಹಾಕಿ ಹೆಚ್ಚಾದುದನ್ನು ಒರಸಿರಿ. ಬೀಗದ ಒಳಗೆ ಎಣ್ಣೆಯೂ ಬೇಡ; ಸೀಸದ ಕಡ್ಡಿಯ ಪುಡಿಯನ್ನು ಬೀಗದ ಕೈಗೆ ಹಚ್ಚಿ ನಾಲ್ಕು ಸಲ ತಿರುಗಿಸಿದರೆ ಸಾಕು. ಈಗಿನ ಖಾನೆಗಳಲ್ಲಿ ಸಣ್ಣ ಗುಂಡುಗಳ ಮೇಲೆ ಓಡುವ ಲೋಹದ ಪಟ್ಟಿಗಳಿರುವುವು. ಅವು ಸದ್ದು ಮಾಡಿದರೆ ಧೂಳನ್ನೂ ಕೂದಲನ್ನೂ ಒಣಬಟ್ಟೆಯಿಂದ ತೆಗೆದು, ಸಡಿಲವಾದ ಸ್ಕ್ರೂಗಳನ್ನು ಬಿಗಿಮಾಡುವುದೇ ಮೊದಲ ಚಿಕಿತ್ಸೆ.

೫. ಮಂಚ

ಮಂಚದ ಸದ್ದಿಗೆ ಮೂರು ಸ್ಥಾನಗಳುಂಟು: ಕಾಲಿಗೂ ಅಡ್ಡಪಟ್ಟಿಗೂ ಇರುವ ಕೂಡಿಕೆ, ಹಾಸುಹಲಗೆಗಳು ಕುಳಿತಿರುವ ಅಂಚು, ಮತ್ತು ಕಾಲು ನೆಲವನ್ನು ಮುಟ್ಟುವ ಸ್ಥಳ. ಹಾಸಿಗೆಯನ್ನು ತೆಗೆದು, ಒಬ್ಬರು ಮಂಚವನ್ನು ಮೆಲ್ಲಗೆ ಅಲುಗಿಸುತ್ತಿರಲು ಇನ್ನೊಬ್ಬರು ಪ್ರತಿಯೊಂದು ಕೂಡಿಕೆಯ ಮೇಲೆಯೂ ಕೈಯಿಟ್ಟು ನೋಡಬೇಕು. ಸದ್ದು ಎಲ್ಲಿಂದ ಬಂತೆಂದು ಕಿವಿಯು ತಪ್ಪು ಹೇಳಬಹುದು. ಅಲುಗುವುದನ್ನು ಬೆರಳು ತಪ್ಪದೆ ತಿಳಿಸುವುದು.

ಬೋಲ್ಟುಗಳಿದ್ದರೆ ಬಿಗಿಮಾಡಿರಿ. ಸ್ಕ್ರೂವಿನ ರಂಧ್ರವು ದೊಡ್ಡದಾಗಿ ಸ್ಕ್ರೂ ಸುಮ್ಮನೆ ತಿರುಗುತ್ತಿದ್ದರೆ, ಬಿದಿರಿನ ಸೀಳನ್ನೋ ಮದ್ದು ತೆಗೆದ ಬೆಂಕಿಕಡ್ಡಿಗಳನ್ನೋ ಅಂಟಿನಲ್ಲಿ ಅದ್ದಿ ರಂಧ್ರಕ್ಕೆ ತುರುಕಿ, ಒಣಗಿದ ಮೇಲೆ ಸಮನಾಗಿ ಕತ್ತರಿಸಿ, ಅದೇ ಸ್ಕ್ರೂವನ್ನು ಹಾಕಿದರೆ ಹಿಡಿಯುವುದು. ದೊಡ್ಡ ಮೊಳೆಯನ್ನು ಹೊಡೆಯುವುದು ಮಾತ್ರ ಬೇಡ. ಮೊಳೆಯು ಕೂಡಿಕೆಯನ್ನು ಸೀಳಿ, ಮುಂದೆ ಬಡಗಿಗೂ ಕೆಲಸ ಮಾಡಲು ಆಗದಂತೆ ಮಾಡುವುದು. ಹಾಸುಹಲಗೆಗಳು ಸದ್ದು ಮಾಡಿದರೆ ಅಂಚಿನ ಮೇಲೆ ಹಳೆಯ ಕಂಬಳಿಯ ಪಟ್ಟಿಯೊಂದನ್ನು ಇಡಿರಿ. ನೆಲವು ಏರುತಗ್ಗಾಗಿದ್ದರೆ ಅಲುಗುವ ಕಾಲಿನ ಕೆಳಗೆ ರಬ್ಬರಿನ ತುಂಡನ್ನು ಕೊಡಿರಿ. ಮಂಚವನ್ನು ಎಳೆಯದೆ ಇಬ್ಬರು ಎತ್ತಿ ಸರಿಸಬೇಕು. ಎಳೆದಾಗ ಅಷ್ಟು ಭಾರವೂ ಕಾಲಿನ ಒಂದೊಂದು ಕೂಡಿಕೆಯ ಮೇಲೆ ಬೀಳುವುದು. ನವಾರದ ಮಂಚವುಳ್ಳವರು ಸಡಿಲವಾದ ನವಾರವನ್ನು ಆಗಾಗ ಬಿಗಿದರೆ ಬೆನ್ನಿಗೂ ಸುಖ, ಚೌಕಟ್ಟಿಗೂ ಸುಖ.

೬. ಬೀರು: ತಾಯಂದಿರು ಗಮನಿಸಬೇಕಾದುದು

ಈ ಭಾಗವನ್ನು ಚಿಕ್ಕ ಮಕ್ಕಳಿರುವ ಮನೆಯವರು ಎರಡು ಸಲ ಓದಬೇಕೆಂದು ಬೇಡುತ್ತೇವೆ. ಖಾನೆಯು ಬಿಗಿಯಾದಾಗ ದೊಡ್ಡವರು ಜಗ್ಗುವರು. ಅದನ್ನು ನೋಡಿದ ಮಗುವೂ ಜಗ್ಗುವುದು. ಅಷ್ಟಕ್ಕೇ ನಿಲ್ಲದೆ ತೆರೆದ ಖಾನೆಗಳನ್ನು ಮೆಟ್ಟಿಲುಗಳೆಂದು ತಿಳಿದು ಏರುವುದು. ಖಾನೆಗಳು ಮುಂದಕ್ಕೆ ಬಂದಾಗ ಭಾರವೂ ಮುಂದಕ್ಕೆ ಬರುವುದು. ಅದರ ಮೇಲೆ ಮಗುವಿನ ಭಾರವು ಸೇರಿದರೆ ಇಡೀ ಬೀರುವೇ ಮಗುಚಿ ಬೀಳಬಹುದು.

ಇದು ಕಲ್ಪನೆಯ ಭಯವಲ್ಲ. ಅಮೆರಿಕದಲ್ಲಿ ಹೀಗೆ ಖಾನೆಗಳ ಬೀರುಗಳು ಬಿದ್ದು ಮಕ್ಕಳು ಸತ್ತುದರಿಂದ, ಸ್ವೀಡನ್ ದೇಶದಲ್ಲಿ ಹುಟ್ಟಿದ ಐಕಿಯಾ ಕಂಪನಿಯು ೨೦೧೬ರಲ್ಲಿ ಆ ದೇಶದಲ್ಲಿ ಮಾರಿದ್ದ ಸುಮಾರು ೨ ಕೋಟಿ ೯೦ ಲಕ್ಷ ಬೀರುಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಬಟ್ಟೆಯ ಬೀರುಗಳು ಸುಲಭವಾಗಿ ಮಗುಚದಂತಿರಬೇಕೆಂದು ೨೦೨೨ರ ಡಿಸೆಂಬರಿನಲ್ಲಿ ಅಲ್ಲಿ ಕಾನೂನೇ ಆಯಿತು. ಅಷ್ಟು ದೂರದ ದೇಶದ ದುಃಖದಿಂದ ನಾವು ಕಲಿಯತಕ್ಕದ್ದು ನಾಲ್ಕು ಮಾತು: ಎತ್ತರದ ಬೀರುವನ್ನು ಲೋಹದ ಪಟ್ಟಿಯಿಂದ ಗೋಡೆಗೆ ಭದ್ರಪಡಿಸಬೇಕು, ಭಾರದ ವಸ್ತುಗಳನ್ನು ಕೆಳಗಿನ ಖಾನೆಯಲ್ಲಿಡಬೇಕು, ಒಂದು ಸಲಕ್ಕೆ ಒಂದೇ ಖಾನೆಯನ್ನು ತೆರೆಯಬೇಕು, ಮಗುವಿನ ಮನಸ್ಸನ್ನು ಸೆಳೆಯುವ ಬೊಂಬೆ, ತಿಂಡಿಗಳನ್ನು ಬೀರುವಿನ ಮೇಲಿಡಬಾರದು. ಖಾನೆಗೆ ಮೇಣ ಹಚ್ಚುವ ಸಣ್ಣ ಕೆಲಸವು ಇಲ್ಲಿ ಮಗುವಿನ ಪ್ರಾಣದ ರಕ್ಷಣೆಯ ಭಾಗವಾಗುವುದು. ಸುಲಭವಾಗಿ ಬರುವ ಖಾನೆಯನ್ನು ಯಾರೂ ಜಗ್ಗುವುದಿಲ್ಲ.

ಈಗ ಅಂಗಡಿಗಳಲ್ಲಿ ಮಾರುವ ಎಷ್ಟೋ ಬೀರುಗಳು ಮರದ ಹೊಟ್ಟನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಯವು. ನೋಟಕ್ಕೆ ತೇಗದಂತಿದ್ದರೂ ಇವಕ್ಕೆ ನೀರು ಪರಮಶತ್ರು. ನೆಲವನ್ನು ತೊಳೆಯುವ ನೀರು ತಳಕ್ಕೆ ತಾಗಿದರೆ ಹಲಗೆಯು ಅವಲಕ್ಕಿಯಂತೆ ಉಬ್ಬುವುದು, ಮತ್ತೆ ಮೊದಲಿನಂತಾಗದು. ತಳಕ್ಕೆ ರಬ್ಬರಿನ ಕಾಲುಗಳನ್ನು ಹಾಕಿಸಿ, ಸುತ್ತಲಿನ ನೆಲವನ್ನು ಹಿಂಡಿದ ಬಟ್ಟೆಯಿಂದ ಒರಸತಕ್ಕದ್ದು. ಕೊಳ್ಳುವ ತಂದೆತಾಯಿಗಳಿಗೆ ನಮ್ಮ ಸಲಹೆಯೇನೆಂದರೆ, ಮುಂಭಾಗದ ಕನ್ನಡಿಯನ್ನು ನೋಡುವುದಕ್ಕಿಂತ ಮೊದಲು ಖಾನೆಯನ್ನು ಹೊರಗೆಳೆದು ಹಿಂಭಾಗವನ್ನು ನೋಡಿರಿ. ಮೂಲೆಗಳಲ್ಲಿ ಪಾರಿವಾಳದ ಬಾಲದಂತೆ ಅಗಲವಾದ ಹಲ್ಲುಗಳು ಒಂದರೊಳಗೊಂದು ಕೂತಿದ್ದರೆ ಅದು ಕೆಲಸಗಾರನ ಕೈಯೆಂದು ತಿಳಿಯಬಹುದು. ಸಣ್ಣ ಮೊಳೆಗಳಿಂದ ಸೇರಿಸಿದ್ದರೆ ಬೆಲೆಯನ್ನು ಅದಕ್ಕೆ ತಕ್ಕಂತೆ ಕೊಡಿರಿ.

೭. ಹುಳುಗಳು

ಗೆದ್ದಲು ನೆಲದಿಂದ ಮಣ್ಣಿನ ಸುರಂಗವನ್ನು ಕಟ್ಟಿಕೊಂಡು ಬರುವುದು. ಆದುದರಿಂದ ಬೀರುವನ್ನು ಗೋಡೆಗೆ ಒತ್ತಿ ನಿಲ್ಲಿಸದೆ ಮೂರು ಬೆರಳಿನಷ್ಟು ಎಡೆಬಿಟ್ಟು, ಗೋಡೆಗೆ ಕಟ್ಟುವ ಲೋಹದ ಪಟ್ಟಿಯನ್ನು ಆ ಎಡೆಗೆ ತಕ್ಕ ಉದ್ದಕ್ಕೆ ಹಾಕಿಸಿ, ತಿಂಗಳಿಗೊಮ್ಮೆ ದೀಪ ಹಿಡಿದು ಹಿಂದೆ ನೋಡಬೇಕು. ತೇಗದ ಚೇಗನ್ನು ಗೆದ್ದಲು ಸುಲಭವಾಗಿ ಮುಟ್ಟದು. ಆದರೆ ಅದರ ಹೊರಗಿನ ಬಿಳಿಯ ಮರಕ್ಕೆ ಆ ಗುಣವಿಲ್ಲ. ಮರದಲ್ಲಿ ಸೂಜಿಯ ರಂಧ್ರಗಳೂ, ಕೆಳಗೆ ಹಿಟ್ಟಿನಂಥ ಪುಡಿಯೂ ಕಂಡರೆ ಕೊರೆಯುವ ಹುಳುವಿದೆಯೆಂದು ತಿಳಿದು, ಆ ಸಾಮಾನನ್ನು ಉಳಿದವುಗಳಿಂದ ಬೇರೆ ಇಟ್ಟು, ತಿಳಿದವರಿಂದ ಔಷಧ ಹಾಕಿಸತಕ್ಕದ್ದು. ನಮ್ಮ ವಿದ್ಯಾರ್ಥಿನಿಯರ ಪ್ರಮಾಣಪತ್ರಗಳು, ಮನೆಯ ಕ್ರಯಪತ್ರಗಳು ಇರುವುದು ಬಹುಶಃ ಇಂಥ ಖಾನೆಗಳಲ್ಲಿಯೇ. ಗೆದ್ದಲು ತಿಂದ ಹಲಗೆಯನ್ನು ಬದಲಾಯಿಸಬಹುದು. ತಿಂದ ಪತ್ರಗಳಿಗಾಗಿ ಎಷ್ಟು ಕಚೇರಿಗಳನ್ನು ಅಲೆಯಬೇಕಾಗುವುದೆಂಬುದು ಅಲೆದವರಿಗೇ ಗೊತ್ತು. ಅವುಗಳನ್ನು ಮುಚ್ಚಳವಿರುವ ಲೋಹದ ಪೆಟ್ಟಿಗೆಯಲ್ಲಿಟ್ಟು, ಆ ಪೆಟ್ಟಿಗೆಯನ್ನು ಖಾನೆಯಲ್ಲಿಡುವುದು ಕ್ಷೇಮ.

ತಿಗಣೆಗಳು ಮಂಚದ ಕೂಡಿಕೆಗಳಲ್ಲಿ ಅಡಗುವುವು. ಸುಮಾರು ೫೦ ಡಿಗ್ರಿಯ ಶಾಖವನ್ನು ಅವಾಗಲಿ ಅವುಗಳ ತತ್ತಿಗಳಾಗಲಿ ಹೆಚ್ಚು ಹೊತ್ತು ತಾಳಲಾರವು. ಹೊದಿಕೆ, ದಿಂಬಿನ ಚೀಲಗಳನ್ನು ಬಿಸಿನೀರಿನಲ್ಲಿ ನೆನೆಸಿ ಒಗೆಯಬೇಕು. ಹಾಸಿಗೆಯನ್ನು ಬೇಸಗೆಯ ಬಿಸಿಲಿನಲ್ಲಿ ಎರಡು ಮಗ್ಗುಲೂ ಕಾಯುವಂತೆ ತಿರುವಿ ಹಾಕಬೇಕು. ಇಲ್ಲಿ ವ್ಯತ್ಯಾಸವನ್ನು ಗಮನಿಸಿರಿ: ಹಾಸಿಗೆಗೆ ಬಿಸಿಲು, ಮರಕ್ಕೆ ನೆರಳು. ಮಂಚದ ಸಂದುಗಳನ್ನು ಗಟ್ಟಿಯಾದ ಕುಂಚದಿಂದ ಕೆರೆದು ಶುಚಿಮಾಡಿ ಸಂದುಗಳನ್ನು ಮುಚ್ಚಿದರೆ ಅವಕ್ಕೆ ಮನೆಯಿಲ್ಲದಾಗುವುದು.

೮. ಧೂಳು, ಮೆರುಗು

ನಮ್ಮ ಊರಿನ ಧೂಳಿನಲ್ಲಿ ಸಣ್ಣ ಮರಳಿರುವುದು. ಒಣಬಟ್ಟೆಯಿಂದ ಒತ್ತಿ ಉಜ್ಜಿದರೆ ಅದು ಮರಳುಕಾಗದದಂತೆ ಮೆರುಗನ್ನು ಗೀರುವುದು. ಮೊದಲು ಮೃದುವಾದ ಕುಂಚದಿಂದ ಧೂಳನ್ನು ಹಾರಿಸಿ, ಬಳಿಕ ಸ್ವಲ್ಪ ತೇವವಾದ ಬಟ್ಟೆಯಿಂದ ನಾರಿನ ದಿಕ್ಕಿನಲ್ಲಿ ಒರಸಿ, ಕೂಡಲೆ ಒಣಬಟ್ಟೆಯಿಂದ ಒರಸಬೇಕು.

ಹಳೆಯ ಸಾಮಾನುಗಳ ಮೆರು‌ಗು ಹೆಚ್ಚಾಗಿ ಅರಗಿನದು. ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುವುದೂ ಅರಗೇ. ಸಣ್ಣ ಕೀಟಗಳು ಮರದ ಕೊಂಬೆಗಳ ಮೇಲೆ ಸ್ರವಿಸುವ ಈ ಪದಾರ್ಥವನ್ನು ಸ್ಪಿರಿಟಿನಲ್ಲಿ ಕರಗಿಸಿ ಬಡಗಿಗಳು ಪಾಲೀಸು ಮಾಡುವರು. ಅರಗಿಗೆ ಬಿಸಿಯೂ ನೀರೂ ಆಗದು. ಬಿಸಿ ಲೋಟವನ್ನಿಟ್ಟರೆ ಬಿಳಿಯ ಉಂಗುರ ಮೂಡುವುದು. ಸ್ಪಿರಿಟು ಬೆರೆತ ಅತ್ತರು ಚೆಲ್ಲಿದರೆ ಮೆರುಗೇ ಕರಗುವುದು. ಅಗಸೆಯ ಎಣ್ಣೆಯಿಂದ ಮರವನ್ನು ಉಜ್ಜುವವರು ಒಂದು ಅಪಾಯವನ್ನು ತಿಳಿದಿರಬೇಕು. ಆ ಎಣ್ಣೆಯಲ್ಲಿ ನೆನೆದ ಬಟ್ಟೆಗಳನ್ನು ಉಂಡೆಮಾಡಿ ಬಿಸಾಡಿದರೆ, ಎಣ್ಣೆಯು ಒಣಗುವಾಗ ಹುಟ್ಟುವ ಶಾಖವು ಹೊರಹೋಗದೆ ಬಟ್ಟೆಗೆ ತಾನಾಗಿಯೇ ಬೆಂಕಿ ಹತ್ತಬಹುದು. ಅವುಗಳನ್ನು ಹೊರಗೆ ಬಿಡಿಬಿಡಿಯಾಗಿ ಹರಡಿ ಒಣಗಿಸಿದ ಮೇಲೆಯೇ ಎಸೆಯತಕ್ಕದ್ದು.

೯. ವರ್ಷದ ಕ್ರಮ

ಫೆಬ್ರವರಿಯಲ್ಲಿ ಎಲ್ಲ ಖಾನೆಗಳನ್ನೂ ಹೊರತೆಗೆದು ಪರೀಕ್ಷಿಸಿ ಮೇಣ ಹಚ್ಚುವುದು. ಏಪ್ರಿಲಿನಲ್ಲಿ ಹಾಸಿಗೆಗಳಿಗೆ ಬಿಸಿಲು, ಸಡಿಲವಾದ ಸ್ಕ್ರೂಗಳಿಗೆ ಬಿಗಿ. ಕೀಸುವ, ಅಂಟಿಸುವ ದೊಡ್ಡ ಕೆಲಸವೇನಿದ್ದರೂ ಈ ಒಣ ತಿಂಗಳುಗಳಲ್ಲಿಯೇ ಮಾಡಿಸುವುದು. ಜೂನಿನಲ್ಲಿ ಗೋಡೆಯ ತೇವವನ್ನೂ ಗೆದ್ದಲಿನ ಸುರಂಗವನ್ನೂ ನೋಡುವುದು. ಸೆಪ್ಟೆಂಬರು ಅಕ್ಟೋಬರುಗಳಲ್ಲಿ ಬಿಗಿಯಾದ ಖಾನೆಗಳನ್ನು ಗುರುತುಹಾಕಿಡುವುದು. ಕೀಸುಳಿಯನ್ನು ಮಾತ್ರ ಮುಟ್ಟದಿರುವುದು. ಡಿಸೆಂಬರಿನಲ್ಲಿ, ಮಳೆ ನಿಂತು ಮರ ಒಣಗಿದ ಮೇಲೆ, ಗುರುತುಹಾಕಿದವುಗಳನ್ನು ಮತ್ತೆ ನೋಡುವುದು. ಅವುಗಳಲ್ಲಿ ಹೆಚ್ಚಿನವು ತಾವಾಗಿಯೇ ಸರಿಹೋಗಿರುವುವು.

ಇದಕ್ಕೆಲ್ಲ ಬೇಕಾದ ಉಪಕರಣಗಳು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಿಡಿಯುವಷ್ಟು: ಸ್ಕ್ರೂಡ್ರೈವರು, ಸಣ್ಣ ಸುತ್ತಿಗೆ, ಮರಳುಕಾಗದ, ಅಂಟು, ಸೀಮೆಸುಣ್ಣ, ಸೀಸದ ಕಡ್ಡಿ, ಮೇಣದ ಬತ್ತಿ. ತಂದೆತಾಯಿಗಳಲ್ಲಿ ನಮ್ಮ ಬಿನ್ನಹವಿಷ್ಟೇ. ಮಗಳಿಗೆ ಮಂಚವನ್ನೂ ಬೀರುವನ್ನೂ ಕೊಡುವ ದಿನ ಈ ಡಬ್ಬಿಯನ್ನೂ ಜೊತೆಯಲ್ಲಿ ಕೊಡಿರಿ. ಅದಕ್ಕಿಂತ ಮೊದಲೇ, ಅವಳು ನಿಮ್ಮ ಮನೆಯಲ್ಲಿರುವಾಗಲೇ, ಅದನ್ನು ತೆರೆದು ಬಳಸಲು ಬಿಡಿರಿ. ಮಗನಿಗೂ ಇದೇ ಪಾಠವನ್ನು ಕಲಿಸಿರಿ. ಅವನು ಮಲಗುವುದೂ ಮಂಚದ ಮೇಲೆಯೇ. ಬಡಗಿಯನ್ನು ಕರೆಯಬಾರದೆಂದು ನಾವು ಹೇಳುವುದಿಲ್ಲ. ಕಾರಣವನ್ನು ತಿಳಿದು ಕರೆದವಳು ಅವನಿಗೆ ಸರಿಯಾದ ಕೆಲಸವನ್ನು ಹೇಳುವಳು, ಸರಿಯಾದ ಕೂಲಿಯನ್ನು ಕೊಡುವಳು, ಬೇಡದ ಕೆಲಸವನ್ನು ಬೇಡವೆನ್ನುವಳು.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಮನೆಯ ಖಾನೆಯೊಂದು ಈ ವಾರ ಕಿರುಗುಟ್ಟಿದರೆ ಅದನ್ನು ಬೈಯಬೇಡಿರಿ, ಜಗ್ಗಬೇಡಿರಿ. ಖಾಲಿಮಾಡಿ, ಹೊರತೆಗೆದು, ಮಗುಚಿ ನೋಡಿರಿ. ಈ ಪಾಠವನ್ನು ಅಲ್ಲಿಂದಲೇ ಆರಂಭಿಸಬಹುದು.